ಬಜೆಟ್ ಸಭೆಯ ದಿನ ಪಕ್ಷಗಳು ಎಲ್ಲಿರುತ್ತವೆ?

ಹೋದ ಸಲ ಪುರಸಭೆ ಚುನಾವಣೆಯಲ್ಲಿ ಮತ ಹಾಕಿದಾಗ ನೀವು ಏನು ನೋಡಿ ಹಾಕಿದಿರಿ? ಸ್ವಲ್ಪ ನೆನಪು ಮಾಡಿಕೊಳ್ಳಿ. ಕೆಲವರು ಮನೆ ಬಾಗಿಲಿಗೆ ಬಂದು ಕೈ ಮುಗಿದ ಮನುಷ್ಯನನ್ನು ನೋಡಿ ಹಾಕಿರುತ್ತೀರಿ. ಇನ್ನು ಕೆಲವರು ಚಿಹ್ನೆ ನೋಡಿ ಹಾಕಿರುತ್ತೀರಿ. ಎರಡೂ ತಪ್ಪಲ್ಲ. ಈಗ ಇನ್ನೊಂದು ಪ್ರಶ್ನೆ. ನಿಮ್ಮ ಪುರಸಭೆ ಹೋದ ವರ್ಷ ಎಷ್ಟು ತೆರಿಗೆ ಎತ್ತಿತು, ಅದನ್ನು ಯಾವುದಕ್ಕೆ ಖರ್ಚು ಮಾಡಿತು, ನೀವು ಮತ ಕೊಟ್ಟ ಪಕ್ಷ ಅದರ ಬಗ್ಗೆ ಏನು ಹೇಳಿತು? ಗೊತ್ತಿದ್ದವರು ಕೈ ಎತ್ತಿ.

ಮೂರು ಕೈ ಕಾಣಿಸುತ್ತಿವೆ. ಅದರಲ್ಲಿ ಇಬ್ಬರು ಮಾಜಿ ಸದಸ್ಯರು.

ನಾನು ನಿಮ್ಮನ್ನು ದೂರಲು ಬಂದಿಲ್ಲ. ಯಾಕೆ ಗೊತ್ತಿಲ್ಲ ಅನ್ನುವುದನ್ನು ನೋಡೋಣ ಅಂತ ಬಂದಿದ್ದೇನೆ. 'ಊರಿನ ಆಡಳಿತದಲ್ಲಿ ಪಕ್ಷ ರಾಜಕಾರಣ ಬಂದು ಎಲ್ಲ ಕೆಟ್ಟುಹೋಯಿತು' ಎನ್ನುವ ಮಾತನ್ನು ಎಲ್ಲ ಕಡೆ ಕೇಳುತ್ತೇವೆ. ನಾನೂ ತುಂಬಾ ವರ್ಷ ಹಾಗೇ ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಪಕ್ಷ ಇದ್ದದ್ದರಿಂದ ಊರು ಕೆಡಲಿಲ್ಲ. ಅದು ಇರಲೇಬೇಕಾದ ಜಾಗದಲ್ಲಿ ಇಲ್ಲದೆ ಹೋದದ್ದರಿಂದ ಕೆಟ್ಟಿತು. ಆ ಜಾಗ ಯಾವುದು ಅಂತ ನಿಧಾನವಾಗಿ ತೋರಿಸುತ್ತೇನೆ.

ಮೊದಲು ಚಿಹ್ನೆಯ ವಿಷಯ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗೆ ಇದೆ. ಹಳ್ಳಿ ಪಕ್ಷಗಳಿಂದ ದೂರ ಇರಲಿ ಎಂಬ ಆಸೆ ಹಳೆಯದು. ಜಯಪ್ರಕಾಶ ನಾರಾಯಣರು ಪಕ್ಷರಹಿತ ಪ್ರಜಾಪ್ರಭುತ್ವದ ಮಾತಾಡಿದ್ದರು. ಆದರೆ 1978ರಲ್ಲಿ ಪಂಚಾಯಿತಿಗಳ ಸುಧಾರಣೆಗೆ ಕೇಂದ್ರ ನೇಮಿಸಿದ್ದ ಅಶೋಕ ಮೆಹ್ತಾ ಸಮಿತಿ ಇದಕ್ಕೆ ಉಲ್ಟಾ ಹೇಳಿತು. ಪಕ್ಷಗಳು ಪಂಚಾಯಿತಿಗೆ ಬಹಿರಂಗವಾಗಿಯೇ ಬರಲಿ ಎಂದಿತು. ಪಶ್ಚಿಮ ಬಂಗಾಳದಲ್ಲಿ ಅದೇ ವರ್ಷ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯಿತು. ನಮ್ಮಲ್ಲಿ ಇವತ್ತಿಗೂ ಹಳ್ಳಿಗೆ ಚಿಹ್ನೆ ಇಲ್ಲ. ಆದರೆ ಫಲಿತಾಂಶದ ಮರುದಿನ ಪತ್ರಿಕೆ ತೆರೆದರೆ 'ಕಾಂಗ್ರೆಸ್ ಬೆಂಬಲಿತರು ಇಷ್ಟು, ಬಿಜೆಪಿ ಬೆಂಬಲಿತರು ಇಷ್ಟು, ಜೆಡಿಎಸ್ ಬೆಂಬಲಿತರು ಇಷ್ಟು' ಅಂತ ಪಟ್ಟಿ ಇರುತ್ತದೆ. ಈ 'ಬೆಂಬಲಿತ' ಎಂಬ ಒಂದು ಪದ ಎಲ್ಲವನ್ನೂ ಹೇಳುತ್ತದೆ. ಬಾಗಿಲಲ್ಲಿ ಬೇಡ ಅಂದರೆ ಪಕ್ಷ ಹಿತ್ತಿಲಿನಿಂದ ಬರುತ್ತದೆ. ಹಿತ್ತಿಲಿನಿಂದ ಬಂದವರ ಹತ್ತಿರ ಲೆಕ್ಕ ಕೇಳುವುದು ಕಷ್ಟ. ಹಾಗಾಗಿ ಪಟ್ಟಣಗಳಲ್ಲಿ ಚಿಹ್ನೆ ಇರುವುದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಹೆಸರು ಹಾಕಿಕೊಂಡು ಬಂದವರನ್ನು ಹೆಸರು ಹಿಡಿದು ಕೇಳಬಹುದು.

ಆದರೆ ಕೇಳುವುದು ಏನನ್ನ? ಇಲ್ಲಿಂದ ಬಜೆಟ್ಟಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ಕೈಯಲ್ಲಿರುವುದು ಒಂದು ಪುರಸಭೆಯ ಆಯವ್ಯಯ ಪುಸ್ತಕ. ಯಾವ ಊರಿನದು ಅಂತ ಹೇಳುವುದಿಲ್ಲ, ಎಲ್ಲ ಊರಿನದೂ ಹೆಚ್ಚು ಕಡಿಮೆ ಹೀಗೇ ಇರುತ್ತದೆ. ಪ್ರತಿ ಸಾಲಿನ ಮುಂದೆ ಮೂರು ಅಂಕಣ ನೋಡಿ. ಒಂದು, ಹಿಂದಿನ ವರ್ಷ ನಿಜವಾಗಿ ಬಂದದ್ದು ಅಥವಾ ಖರ್ಚಾದದ್ದು. ಇನ್ನೊಂದು, ಈ ವರ್ಷದ ಪರಿಷ್ಕೃತ ಅಂದಾಜು. ಮೂರನೆಯದು, ಬರುವ ವರ್ಷದ ಅಂದಾಜು. ಬಜೆಟ್ ಸಭೆಯಲ್ಲಿ ಓದುವುದು ಮೂರನೆಯದನ್ನು. ಪತ್ರಿಕೆಯಲ್ಲಿ ಬರುವುದೂ ಅದೇ. 'ಪುರಸಭೆ: ಇಷ್ಟು ಲಕ್ಷ ಉಳಿತಾಯ ಬಜೆಟ್' ಅಂತ ತಲೆಬರಹ. ಪ್ರತಿ ವರ್ಷ, ಪ್ರತಿ ಊರಿನಲ್ಲೂ ಉಳಿತಾಯ ಬಜೆಟ್ಟೇ. ಹಾಗಿದ್ದರೆ ನಮ್ಮ ಚರಂಡಿ ಯಾಕೆ ಹೀಗಿದೆ ಅಂತ ಯಾರಿಗಾದರೂ ಅನ್ನಿಸಬೇಕಲ್ವಾ?

ಆ ಉಳಿತಾಯದಲ್ಲಿ ಆರಂಭ ಶಿಲ್ಕು ಸೇರಿರುತ್ತದೆ. ಅಂದರೆ ಹಿಂದಿನ ವರ್ಷ ಖರ್ಚಾಗದೆ ಉಳಿದ ದುಡ್ಡು. ಬರಬಹುದು ಎಂದುಕೊಂಡ ಅನುದಾನವೂ ಸೇರಿರುತ್ತದೆ. ಆದ್ದರಿಂದ ನಾನು ಯಾವಾಗಲೂ ಮೊದಲು ನೋಡುವುದು ಮೊದಲನೆಯ ಅಂಕಣವನ್ನು. ಎರಡು ವರ್ಷದ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡರೆ ಸಾಕು. ಆಗ ಇಷ್ಟು ಮಾಡುತ್ತೇವೆ ಎಂದಿದ್ದರು, ಈಗ ಇಷ್ಟೇ ಮಾಡಿದ್ದಾರೆ ಎಂಬುದು ಕಣ್ಣಿಗೆ ಕಾಣುತ್ತದೆ. ಇದಕ್ಕೆ ಅರ್ಥಶಾಸ್ತ್ರ ಓದಿರಬೇಕಾಗಿಲ್ಲ. ಮನೆ ಖರ್ಚಿನ ಚೀಟಿ ಬರೆಯುವವರಿಗೆ ಬರುವ ವಿದ್ಯೆಯೇ ಇದು.

ದುಡ್ಡು ಎಲ್ಲಿಂದ ಬರುತ್ತದೆ? ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ, ಸಂತೆ ಸುಂಕದ ಹರಾಜು. ಇವು ಊರಿನ ಸ್ವಂತ ಆದಾಯ. ಇನ್ನೊಂದು ಕಡೆ ಅನುದಾನ. ರಾಜ್ಯ ಹಣಕಾಸು ಆಯೋಗದ್ದು, ಅಂದರೆ ಕಚೇರಿಯಲ್ಲಿ ಎಸ್‌ಎಫ್‌ಸಿ ಎನ್ನುತ್ತಾರಲ್ಲ, ಅದು. ಅದರಲ್ಲಿ ವೇತನಕ್ಕೆ ಬೇರೆ, ವಿದ್ಯುತ್ ಬಿಲ್ಲಿಗೆ ಬೇರೆ, ಊರೇ ಕೆಲಸ ಆರಿಸಿಕೊಳ್ಳಬಹುದಾದ ಮುಕ್ತನಿಧಿ ಬೇರೆ. ಆಮೇಲೆ ಕೇಂದ್ರದ ಹಣಕಾಸು ಆಯೋಗದ್ದು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ಸಣ್ಣ ಪಟ್ಟಣಗಳ ಪಾಲಿನ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಶೇ 40 ಮಾತ್ರ ಊರಿನವರು ಆರಿಸಿದ ಕೆಲಸಕ್ಕೆ. ಇದಲ್ಲದೆ ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ತೆಗೆದಿಡಬೇಕು. ಬೇಕಾದ ನಿಯಮವೇ ಅದು. ಆ ದುಡ್ಡು ಖರ್ಚಾಯಿತೋ ಅಥವಾ ಪುಸ್ತಕದಲ್ಲೇ ಕೂತಿತೋ ಎಂದು ಕೇಳುವವರು ಬೇಕು ಅಷ್ಟೇ.

ಒಂದು ಅಡ್ಡ ಮಾತು. ನಿಮ್ಮ ಆಸ್ತಿ ತೆರಿಗೆ ರಸೀದಿ ಮನೆಗೆ ಹೋದ ಮೇಲೆ ತೆಗೆದು ನೋಡಿ. ಏಪ್ರಿಲ್‌ನಲ್ಲೇ ಕಟ್ಟಿದ್ದರೆ ಶೇ 5 ರಿಯಾಯಿತಿ ಸಿಕ್ಕಿರುತ್ತದೆ, ಅದು ಎಲ್ಲರಿಗೂ ನೆನಪಿರುತ್ತದೆ. ಅದರ ಕೆಳಗೆ ಕರಗಳ ಸಾಲು ಇರುತ್ತದೆ. ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ಇನ್ನೂ ಒಂದೆರಡು. ಅದು ಪುರಸಭೆ ಇಟ್ಟುಕೊಳ್ಳುವ ದುಡ್ಡಲ್ಲ, ಎತ್ತಿ ಬೇರೆ ಇಲಾಖೆಗೆ ಕಟ್ಟಬೇಕು. ಊರಿನ ಗ್ರಂಥಾಲಯಕ್ಕೆ ಪುಸ್ತಕ ಬಂದಿಲ್ಲ ಅಂದರೆ, ಪುರಸಭೆ ಆ ಕರವನ್ನು ಸಂದಾಯ ಮಾಡಿದೆಯಾ ಅಂತ ಒಂದು ಸಲ ಕೇಳಿ. ನಮ್ಮ ಊರಿನಲ್ಲಿ ಹೀಗೆ ಕೇಳಿದ ಮೇಲೆಯೇ ಬಾಕಿ ಎಷ್ಟಿದೆ ಎಂಬ ಲೆಕ್ಕ ಹೊರಬಂತು.

ಸರಿ, ಈಗ ಮಳಿಗೆ ಬಾಡಿಗೆಯನ್ನೇ ತೆಗೆದುಕೊಳ್ಳಿ. ಬಸ್ ನಿಲ್ದಾಣದ ಎದುರಿನ ಪುರಸಭೆ ಮಳಿಗೆ. ಪಕ್ಕದ ಖಾಸಗಿ ಕಟ್ಟಡದಲ್ಲಿ ಅಷ್ಟೇ ದೊಡ್ಡ ಅಂಗಡಿಗೆ ಇರುವ ಬಾಡಿಗೆಗೂ ಇದಕ್ಕೂ ಅಜಗಜಾಂತರ. ಅದರ ಮೇಲೆ ಬಾಕಿ ಬೇರೆ. ಮರು ಹರಾಜು ಹಾಕಬೇಕು ಅಂದರೆ ಸಭೆಯಲ್ಲಿ ತೀರ್ಮಾನ ಆಗಬೇಕು. ಒಬ್ಬ ಸದಸ್ಯ ಒಂಟಿಯಾಗಿ ಈ ಮಾತು ಎತ್ತಿದರೆ ಏನಾಗುತ್ತದೆ? ಅಂಗಡಿಯವರೆಲ್ಲ ಅವನ ವಾರ್ಡಿನವರೇ, ಮುಂದಿನ ಸಲ ಅವನು ಗೆಲ್ಲುವುದಿಲ್ಲ. ಆಸ್ತಿ ತೆರಿಗೆಯ ಕಥೆಯೂ ಅಷ್ಟೇ. ಕಾನೂನು ಹಾಕಿದ ಮಿತಿಯೊಳಗೆ ದರ ಎಷ್ಟಿರಬೇಕು ಎನ್ನುವುದನ್ನು ಕೌನ್ಸಿಲ್ ಹೇಳಬಹುದು. ಯಾರಿಗೂ ಇಷ್ಟವಾಗದ ಈ ಮಾತನ್ನು ಒಬ್ಬನೇ ಮನುಷ್ಯ ಹೇಳಲಾರ. ಹನ್ನೆರಡು ಜನ ಒಟ್ಟಿಗೆ, ಒಂದು ಹೆಸರಿನಲ್ಲಿ, 'ನಾವು ಇದನ್ನು ಯಾಕೆ ಮಾಡಿದೆವು ಅಂದರೆ' ಎಂದು ಹೇಳಬಹುದು. ಪಕ್ಷ ಇರುವುದು ಇದಕ್ಕೇ. ಕಷ್ಟದ ತೀರ್ಮಾನದ ಭಾರವನ್ನು ಹತ್ತು ಹೆಗಲಿಗೆ ಹಂಚುವುದಕ್ಕೆ.

ಹಾಗಾದರೆ ಪಕ್ಷ ನಮ್ಮ ಪುರಸಭೆಗಳಲ್ಲಿ ಎಲ್ಲಿ ಕಾಣಿಸಿಕೊಳ್ಳುತ್ತದೆ? ಎರಡು ಸಲ. ಟಿಕೆಟ್ ಹಂಚುವಾಗ ಒಂದು ಸಲ, ಅಧ್ಯಕ್ಷರ ಆಯ್ಕೆಯಲ್ಲಿ ಇನ್ನೊಂದು ಸಲ.

ಅಧ್ಯಕ್ಷರ ಆಯ್ಕೆ ಹೇಗೆ ನಡೆಯುತ್ತದೆ ನೋಡಿ. 23 ವಾರ್ಡಿನ ಪುರಸಭೆ ಅಂತಿಟ್ಟುಕೊಳ್ಳಿ. ಒಂದು ಪಕ್ಷ 12 ಗೆದ್ದಿದೆ, ಇನ್ನೊಂದು 11. ಜನ ತೀರ್ಪು ಕೊಟ್ಟಾಯಿತು ಅಂದುಕೊಳ್ಳುತ್ತೇವೆ. ಆದರೆ ಆ ಕ್ಷೇತ್ರದ ಶಾಸಕರಿಗೂ ಸಂಸದರಿಗೂ ಅಲ್ಲಿ ಮತ ಇದೆ. ಇಬ್ಬರೂ ಎರಡನೆಯ ಪಕ್ಷದವರಾದರೆ 13-12. ಕಡಿಮೆ ಗೆದ್ದವರು ಅಧ್ಯಕ್ಷರಾದರು. ಇದು ಕಾನೂನಿನ ಪ್ರಕಾರವೇ. ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರಿಗೆ ಮಾತ್ರ ಮತ ಇಲ್ಲ. ಹೀಗೆ ಒಂದೊಂದು ಮತಕ್ಕೂ ಚಿನ್ನದ ಬೆಲೆ ಬಂದಾಗ ಪಕ್ಷೇತರರನ್ನು ಕರೆದುಕೊಂಡು ಪ್ರವಾಸ ಹೋಗುತ್ತಾರೆ. ಚುನಾವಣೆಯ ದಿನ ಬೆಳಿಗ್ಗೆ ನೇರವಾಗಿ ಪುರಸಭೆ ಬಾಗಿಲಿಗೆ ವಾಹನ ಬಂದು ನಿಲ್ಲುತ್ತದೆ. ಪಕ್ಷ ವಿಪ್ ಕೊಟ್ಟಿರುತ್ತದೆ, ಅಂದರೆ ಇಂಥವರಿಗೇ ಮತ ಹಾಕಬೇಕು ಎಂಬ ಆದೇಶ. ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾನೂನು ನಮ್ಮ ರಾಜ್ಯದಲ್ಲಿ 1987ರಿಂದಲೇ ಇದೆ. ವಿಪ್ ಮೀರಿದರೆ ಸದಸ್ಯತ್ವ ಹೋಗಬಹುದು.

ಎಷ್ಟು ಶಿಸ್ತು ನೋಡಿ. ಯಾರು ಎಲ್ಲಿ ಮಲಗಬೇಕು, ಯಾವಾಗ ಊಟ ಮಾಡಬೇಕು, ಯಾರಿಗೆ ಕೈ ಎತ್ತಬೇಕು, ಎಲ್ಲ ಪಕ್ಷವೇ ನೋಡಿಕೊಳ್ಳುತ್ತದೆ. ಬಜೆಟ್ ಸಭೆಗೆ ವಿಪ್ ಕೊಟ್ಟದ್ದನ್ನು ನಾನು ನೋಡಿಲ್ಲ. ಬಜೆಟ್ಟಿಗೆ ಮುಂಚೆ ಒಂದು ಪಕ್ಷದ ಸದಸ್ಯರು ಒಂದು ಕಡೆ ಕೂತು ಪುಸ್ತಕ ಓದಿದ್ದನ್ನೂ ನೋಡಿಲ್ಲ. ಅಧ್ಯಕ್ಷರ ಆಯ್ಕೆಗೆ ತಪ್ಪದೆ ಬಂದ ಸಂಸದರು ಬಜೆಟ್ ಸಭೆಗೆ ಬಂದದ್ದನ್ನಂತೂ ನೋಡಿಯೇ ಇಲ್ಲ. ಕುರ್ಚಿಗೆ ಇರುವ ಪಕ್ಷ ಲೆಕ್ಕಕ್ಕೆ ಇಲ್ಲ. ನನ್ನ ದೂರು ಇಷ್ಟೇ.

ಈ ಕುರ್ಚಿಯ ಜಗಳ ಬಜೆಟ್ಟನ್ನೇ ತಿಂದುಹಾಕಿದ ಉದಾಹರಣೆಯೂ ನಮ್ಮ ಕಣ್ಣ ಮುಂದೆ ಇದೆ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಮತದಾನ ಆಯಿತು. ಸೆಪ್ಟೆಂಬರ್ 3ಕ್ಕೆ ಫಲಿತಾಂಶ. ಗೆದ್ದವರು ಹಾರ ಹಾಕಿಸಿಕೊಂಡು ಮೆರವಣಿಗೆ ಹೋದರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಕುರ್ಚಿ ತುಂಬಿದ್ದು 2020ರ ಕೊನೆಯಲ್ಲಿ. ಎರಡು ವರ್ಷಕ್ಕೂ ಹೆಚ್ಚು ಕಾಲ, ಗೆದ್ದ ಸದಸ್ಯರು ಮನೆಯಲ್ಲಿ, ಆಡಳಿತಾಧಿಕಾರಿ ಕಚೇರಿಯಲ್ಲಿ. ಅಧ್ಯಕ್ಷರ ಅವಧಿ 30 ತಿಂಗಳು. ಅದು ಮುಗಿದ ಮೇಲೆ ಎರಡನೆಯ ಅವಧಿಯ ಪಟ್ಟಿಗೆ ಮತ್ತೆ ಕಾದರು. ಅದು ಬಂದದ್ದು 2024ರ ಆಗಸ್ಟ್‌ನಲ್ಲಿ. ಹೀಗೆ ಕುರ್ಚಿ ಖಾಲಿ ಇದ್ದಾಗ ಮಂಡನೆಯಾದ ಬಜೆಟ್‌ಗಳನ್ನು ಮಾಡಿದವರು ಯಾರು? ಅಧಿಕಾರಿಗಳು. ಅವರಲ್ಲಿ ಒಳ್ಳೆಯವರೂ ಇದ್ದರು, ಚೆನ್ನಾಗಿ ಕೆಲಸ ಮಾಡಿದವರನ್ನು ನಾನೇ ಬಲ್ಲೆ. ಆದರೆ ಅವರನ್ನು ನೀವು ಆರಿಸಿದ್ದಲ್ಲ, ಇಳಿಸಲೂ ನಿಮ್ಮಿಂದ ಆಗುವುದಿಲ್ಲ.

ಬೆಂಗಳೂರಿನದು ಇನ್ನೂ ದೊಡ್ಡದು. ಬಿಬಿಎಂಪಿಗೆ 2015ರ ಆಗಸ್ಟ್‌ನಲ್ಲಿ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಮುಂದಿನ ಐದು ವರ್ಷ ಸಾವಿರಾರು ಕೋಟಿಯ ಬಜೆಟ್‌ಗಳು ಒಬ್ಬ ಕಾರ್ಪೊರೇಟರ್ ಕೂಡ ಇಲ್ಲದೆ ಪಾಸಾದವು. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ: ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು. ಆ ಐದು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಪಕ್ಷದ ಸರ್ಕಾರ ರಾಜ್ಯದಲ್ಲಿ ಇತ್ತು. ವಿರೋಧ ಪಕ್ಷದಲ್ಲಿದ್ದಾಗ ಚುನಾವಣೆ ಯಾವಾಗ ಎಂದವರೇ, ಅಧಿಕಾರಕ್ಕೆ ಬಂದ ಮೇಲೆ ವಾರ್ಡ್ ವಿಂಗಡಣೆ ಎಂದರು, ಮೀಸಲಾತಿ ಎಂದರು. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಸಂವಿಧಾನದ 12ನೇ ಅನುಸೂಚಿಯಲ್ಲಿ ಊರಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಇದೆ. ಕೆಲಸದ ಪಟ್ಟಿ ಇದ್ದು ಮಾಡುವ ಜನಪ್ರತಿನಿಧಿಯೇ ಇಲ್ಲ ಅಂದರೆ ಹೇಗೆ?

ಬೇರೆ ಕಡೆ ಪಕ್ಷಗಳು ಊರಿನ ಬಜೆಟ್ಟನ್ನು ಕೈಗೆ ತೆಗೆದುಕೊಂಡದ್ದಿಲ್ಲವೇ? ಇದೆ. ಬ್ರೆಜಿಲ್ ದೇಶದ ಪೋರ್ತು ಅಲೆಗ್ರಿ ಎಂಬ ನಗರದಲ್ಲಿ 1989ರಲ್ಲಿ ಕಾರ್ಮಿಕರ ಪಕ್ಷ ಅಧಿಕಾರಕ್ಕೆ ಬಂತು. ಬಂಡವಾಳ ವೆಚ್ಚದಲ್ಲಿ ಯಾವ ಬೀದಿಗೆ ಯಾವ ಕೆಲಸ ಮೊದಲು ಎನ್ನುವುದನ್ನು ಬಡಾವಣೆಯ ಸಭೆಗಳಲ್ಲಿ ಜನರೇ ಹೇಳುವ ಹಾಗೆ ಮಾಡಿತು. ಬಡವರ ಬಡಾವಣೆಗಳಿಗೆ ನೀರು, ಒಳಚರಂಡಿ ಹೋಯಿತು. ಕೇರಳ ನಮ್ಮ ಪಕ್ಕದಲ್ಲೇ ಇದೆ. ಅಲ್ಲಿ 1996ರಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಯೋಜನೆಯನ್ನು ಊರಿನವರೇ ಮಾಡುವ ವ್ಯವಸ್ಥೆ, ಶುರುವಾಯಿತು. ರಾಜ್ಯದ ಯೋಜನಾ ವೆಚ್ಚದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಪಂಚಾಯಿತಿ, ನಗರಸಭೆಗಳಿಗೆ ಕೊಟ್ಟರು. ಅಲ್ಲಿ ಗ್ರಾಮ ಪಂಚಾಯಿತಿಯಲ್ಲೂ ಪಕ್ಷದ ಚಿಹ್ನೆ ಇದೆ, ಜಗಳವೂ ಜೋರಾಗಿದೆ. ಸರ್ಕಾರ ಬದಲಾದರೂ ಆ ವ್ಯವಸ್ಥೆ ಉಳಿಯಿತು, ಯಾಕೆಂದರೆ ಎಡರಂಗ ಮತ್ತು ಕಾಂಗ್ರೆಸ್ ರಂಗ, ಎರಡೂ ಬಣಗಳಿಗೆ ಊರುಗಳಲ್ಲಿ ಬೇರು ಇತ್ತು. ಪೋರ್ತು ಅಲೆಗ್ರಿಯಲ್ಲಿ ಹಾಗಾಗಲಿಲ್ಲ. 2004ರಲ್ಲಿ ಆ ಪಕ್ಷ ಸೋತಿತು, ಆಮೇಲೆ ಸಭೆಗಳ ಬಲ ಕುಗ್ಗುತ್ತಾ ಹೋಯಿತು. ಒಂದೇ ಪಕ್ಷದ ಸ್ವತ್ತಾದರೆ ಅಪಾಯ ಅಂತ ನನಗೆ ಅದರಿಂದ ತಿಳಿದದ್ದು.

ನಮ್ಮಲ್ಲೂ ದಾರಿ ಇಲ್ಲ ಅಂತಲ್ಲ. ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುವ ಪದ್ಧತಿ ನಮ್ಮ ಪುರಸಭೆಗಳಲ್ಲಿ ಇದೆ. ಒಂದು ಸಣ್ಣ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ. ಹೋದರೆ ಹದಿನೈದೋ ಇಪ್ಪತ್ತೋ ಜನ ಇರುತ್ತಾರೆ. ನಿವೃತ್ತ ಮೇಷ್ಟ್ರು, ಇಬ್ಬರು ಪತ್ರಕರ್ತರು, ಸಂಘದವರು. ಅಲ್ಲಿಗೆ ಪಕ್ಷದ ನಗರ ಘಟಕದ ಅಧ್ಯಕ್ಷರು ಬರಬೇಕು. ನಮ್ಮ ಪಕ್ಷದ ಬೇಡಿಕೆ ಇದು, ಇದಕ್ಕೆ ಇಷ್ಟು ದುಡ್ಡು ಬೇಕು, ಇದನ್ನು ಇಲ್ಲಿಂದ ತರಬಹುದು ಅಂತ ಒಂದು ಪುಟ ಬರೆದು ತರಬೇಕು. ಒಂದೇ ಒಂದು ಪುಟ. ಚುನಾವಣೆಗೆ ಪ್ರಣಾಳಿಕೆ ಕೊಟ್ಟರೆ ಪ್ರತಿ ಭರವಸೆಯ ಮುಂದೆ ಅಂದಾಜು ಖರ್ಚು ಬರೆಯಬೇಕು. ಇದನ್ನು ಕೇಳಬೇಕಾದವರು ನಾವು. ಟಿಕೆಟ್ ಸಿಕ್ಕವರು ನಿಮ್ಮ ಮನೆಗೆ ಬಂದಾಗ 'ನಿಮ್ಮ ಪಕ್ಷದ ಒಂದು ಪುಟ ಎಲ್ಲಿ?' ಅಂತ ಕೇಳಿ. ಪಕ್ಷೇತರರನ್ನೂ ಬಿಡಬೇಡಿ. ಪುಸ್ತಕ ಸಿಗುವುದಿಲ್ಲ ಎನ್ನುವವರಿಗೆ ಒಂದು ಮಾತು. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಸೆಕ್ಷನ್ ಪ್ರಕಾರ ಬಜೆಟ್ ವಿವರವನ್ನು ಯಾರೂ ಕೇಳದಿದ್ದರೂ ಕಚೇರಿ ತಾನಾಗಿ ಪ್ರಕಟಿಸಬೇಕು.

ಒಬ್ಬ ಹೆಣ್ಣುಮಗಳ ವಿಷಯ ಹೇಳಬೇಕು. ನಮ್ಮಲ್ಲಿ ಪುರಸಭೆಯ ಅರ್ಧ ಸ್ಥಾನ ಮಹಿಳೆಯರಿಗೆ. ಕೆಲವು ವರ್ಷದ ಹಿಂದೆ ನಾನು ಒಂದು ಪುರಸಭೆಯ ಬಜೆಟ್ ಸಭೆಗೆ ಹೋಗಿದ್ದೆ. ಹನ್ನೊಂದು ಗಂಟೆಯ ಸಭೆ ಹನ್ನೆರಡೂ ಕಾಲಿಗೆ ಶುರುವಾಯಿತು. ಪುಸ್ತಕವನ್ನು ಸದಸ್ಯರ ಕೈಗೆ ಕೊಟ್ಟದ್ದು ಅದೇ ದಿನ ಬೆಳಿಗ್ಗೆ. ಲೆಕ್ಕಾಧಿಕಾರಿ ಗಡಗಡ ಓದಿದರು. ಸದಸ್ಯರು ತಮ್ಮ ವಾರ್ಡಿನ ಬೀದಿದೀಪ, ನಲ್ಲಿ, ಒಂದು ವೃತ್ತಕ್ಕೆ ಯಾರ ಹೆಸರು ಎಂಬುದರ ಬಗ್ಗೆ ಮಾತಾಡಿದರು. ಮೊದಲ ಸಲ ಗೆದ್ದಿದ್ದ ಈಕೆ ಹಿಂದಿನ ಸಾಲಿನಿಂದ ಎದ್ದು ಕೇಳಿದರು: 'ಸರ್, ಹೋದ ವರ್ಷ ಚರಂಡಿಗೆ ಇಟ್ಟಿದ್ದರಲ್ಲಿ ಕಾಲು ಭಾಗವೂ ಖರ್ಚಾಗಿಲ್ಲ ಅಂತ ಇಲ್ಲೇ ಇದೆ. ಉಳಿದದ್ದು ಏನಾಯ್ತು?' ಸಭೆ ಒಂದು ಕ್ಷಣ ಸುಮ್ಮನಾಯಿತು. ಅವರದೇ ಪಕ್ಷದ ಹಿರಿಯ ಸದಸ್ಯರು ತಿರುಗಿ, 'ಅಕ್ಕಾ, ಕೂತ್ಕೊಳ್ಳಿ, ಆಮೇಲೆ ಮಾತಾಡೋಣ' ಎಂದರು. ಮೇಜು ತಟ್ಟಿದರು. ಬಜೆಟ್ ಪಾಸಾಯಿತು.

ಮುಂದಿನ ವರ್ಷ ಆಕೆ ಪುಸ್ತಕವನ್ನು ಒಂದು ವಾರ ಮೊದಲೇ ಬೇಕು ಅಂತ ಮುಖ್ಯಾಧಿಕಾರಿಗೆ ಅರ್ಜಿ ಕೊಟ್ಟರು. ತಮ್ಮ ಪಕ್ಷದ ಇನ್ನೊಬ್ಬ ಸದಸ್ಯೆಯನ್ನೂ, ಎದುರು ಪಕ್ಷದ ಒಬ್ಬ ಹುಡುಗನನ್ನೂ ಮನೆಗೆ ಕರೆದರು. ಮೂವರೂ ಪೆನ್ಸಿಲ್ ಹಿಡಿದು ಮೂರು ಅಂಕಣ ಓದಿದರು. ಸಭೆಯಲ್ಲಿ ಅದೇ ಪ್ರಶ್ನೆ ಮೂರು ಕಡೆಯಿಂದ ಬಂತು. ಈ ಸಲ ಯಾರಿಗೂ 'ಕೂತ್ಕೊಳ್ಳಿ' ಅನ್ನಲು ಆಗಲಿಲ್ಲ. ಲೆಕ್ಕಾಧಿಕಾರಿ ಎದ್ದು ಹೋಗಿ ಕಡತ ತಂದರು. ಅನುದಾನದ ಕೊನೆಯ ಕಂತು ಬಂದದ್ದು ಮಾರ್ಚ್ ಕೊನೆಯ ವಾರ, ಟೆಂಡರ್ ಕರೆಯಲು ಸಮಯವೇ ಇರಲಿಲ್ಲ ಎಂದು ಆದೇಶದ ಪ್ರತಿ ತೋರಿಸಿದರು. ಯಾರೂ ದುಡ್ಡು ತಿಂದಿರಲಿಲ್ಲ. ದುಡ್ಡು ತಡವಾಗಿ ಬಂದಿತ್ತು.

ಈಗ ತಡ ಮಾಡಿದ್ದು ಯಾಕೆ ಅಂತ ಬೆಂಗಳೂರಿಗೆ ಹೋಗಿ ಕೇಳಬೇಕಲ್ಲ. ಮುಖ್ಯಾಧಿಕಾರಿ ಕೇಳಲಾರರು, ಒಂದು ವಾರ್ಡಿನ ಸದಸ್ಯೆಯ ಮಾತು ವಿಧಾನಸೌಧದವರೆಗೆ ಹೋಗುವುದಿಲ್ಲ. ಆಕೆ ಪತ್ರ ಬರೆದು ಪುರಸಭೆ ಠರಾವಿನ ಪ್ರತಿ ಲಗತ್ತಿಸಿದರು. ಒಂದನ್ನು ತಮ್ಮ ಪಕ್ಷದ ಜಿಲ್ಲಾ ಕಚೇರಿಗೆ ತೆಗೆದುಕೊಂಡು ಹೋದರು. ಇನ್ನೊಂದನ್ನು ಆ ಹುಡುಗ ತನ್ನ ಪಕ್ಷದ ಕಚೇರಿಗೆ ಒಯ್ದ. ಎರಡೂ ಕಡೆ ಅದನ್ನು ತೆಗೆದುಕೊಂಡವರು ಕೇಳಿದ ಮೊದಲ ಮಾತು ಒಂದೇ ಆಗಿತ್ತಂತೆ: 'ಇದನ್ನ ಇಲ್ಲಿಗೆ ಯಾರೂ ತಂದೇ ಇಲ್ವಲ್ಲ ಇಷ್ಟು ವರ್ಷ?'